ಎಂಗೇಜ್‌ಮೆಂಟ್ ಎಂಬ ಸುಳ್ಳು ಅಳತೆ

ನೋಡುವವರ ಬೆರಳಿಗೂ ಕೆಲಸ ಕೊಡುವ ಜಾಹೀರಾತನ್ನು ಇಂಟರ್‌ಆ್ಯಕ್ಟಿವ್ ಜಾಹೀರಾತು ಎನ್ನುತ್ತಾರೆ. ಪರದೆಯ ಮೇಲೆ ತಿರುಗಿಸುವ ಅದೃಷ್ಟಚಕ್ರ, ಉಜ್ಜಿದರೆ ಬಹುಮಾನ ಕಾಣಿಸುವ ಕೂಪನ್, ಐದು ಪ್ರಶ್ನೆಯ ಕ್ವಿಜ್, ಇನ್‌ಸ್ಟಾಗ್ರಾಂ ಫಿಲ್ಟರ್, ವಾಟ್ಸ್‌ಆ್ಯಪ್‌ನಲ್ಲಿ ಉತ್ತರ ಕೊಡುವ ಬಾಟ್, ಹೆಸರು ಟೈಪ್ ಮಾಡಿದರೆ ಹಬ್ಬದ ಶುಭಾಶಯದ ಪೋಸ್ಟರ್ ಕೊಡುವ ಪುಟ ಎಲ್ಲವೂ ಈ ಗುಂಪಿನವು. ಇವುಗಳ ಚರಿತ್ರೆ 1994ರ ಅಕ್ಟೋಬರ್ 27ರಿಂದ ಶುರುವಾಗುತ್ತದೆ. ಅಮೆರಿಕದ ಹಾಟ್‌ವೈರ್ಡ್ ಜಾಲತಾಣದಲ್ಲಿ ಅಂದು ಎಟಿ ಆ್ಯಂಡ್ ಟಿ ಕಂಪನಿಯ ಬ್ಯಾನರ್ ಬಂತು. ಎಷ್ಟು ಜನ ಅದನ್ನು ಒತ್ತಿದರು ಎಂದು ಎಣಿಸಬಹುದಿತ್ತು. ಪತ್ರಿಕೆ, ರೇಡಿಯೊ, ಟಿ.ವಿ. ಕೊಡಲಾಗದಿದ್ದ ಲೆಕ್ಕ ಅದು. ಕ್ಲಿಕ್‌ನ ಜೊತೆಗೆ ಮುಂದೆ ಲೈಕ್, ಶೇರ್, ಕಾಮೆಂಟ್, ಸ್ವೈಪ್ ಎಲ್ಲವೂ ಸೇರಿ ಒಂದೇ ಮೊತ್ತವಾದವು. ಆ ಮೊತ್ತಕ್ಕೆ ಎಂಗೇಜ್‌ಮೆಂಟ್ ಎಂಬ ಹೆಸರು ಬಂತು.

ಇಂದು ಬೆಂಗಳೂರಿನ ದೊಡ್ಡ ಏಜೆನ್ಸಿಯಲ್ಲಿ ಕೇಳಿದರೂ, ಹುಬ್ಬಳ್ಳಿಯಲ್ಲಿ ನಾಲ್ಕು ಜನ ಸೇರಿ ನಡೆಸುವ ಡಿಜಿಟಲ್ ಮಾರ್ಕೆಟಿಂಗ್ ಕಚೇರಿಯಲ್ಲಿ ಕೇಳಿದರೂ ಬರುವ ಉತ್ತರ ಒಂದೇ: ಎಂಗೇಜ್‌ಮೆಂಟ್ ಹೆಚ್ಚಿದ್ದರೆ ಕ್ಯಾಂಪೇನ್ ಗೆದ್ದಿತು. ಕ್ಲೈಂಟ್‌ಗಳು ಇದನ್ನು ಒಪ್ಪಿದ್ದಾರೆ, ಮ್ಯಾನೇಜ್‌ಮೆಂಟ್ ಕಾಲೇಜುಗಳು ಕಲಿಸುತ್ತಿವೆ, ಪ್ರಶಸ್ತಿ ಸಮಿತಿಗಳು ಮನ್ನಣೆ ಕೊಡುತ್ತಿವೆ. ಈ ನಂಬಿಕೆ ತಪ್ಪು, ಮತ್ತು ಅದರಿಂದ ಆಗುತ್ತಿರುವ ಹಾನಿ ಸಣ್ಣದಲ್ಲ. ಹಣ ಹಾಕುವ ಕ್ಲೈಂಟ್‌ಗೆ ನಷ್ಟ, ಸಮಯ ಮತ್ತು ಫೋನ್ ನಂಬರ್ ಕಳೆದುಕೊಳ್ಳುವ ಜನರಿಗೆ ನಷ್ಟ. ವಿನ್ಯಾಸವೆಂಬ ಕಸುಬು ಈ ಲೆಕ್ಕದಡಿ ದಿನದಿನವೂ ಕೆಡುತ್ತಿದೆ.

ಕೆಡುಕು ಶುರುವಾಗುವುದು ಬ್ರೀಫ್‌ನಲ್ಲೇ. ಕ್ಲೈಂಟ್ ಏಜೆನ್ಸಿಗೆ ಕೊಡುವ ಮೊದಲ ಹಾಳೆಯಲ್ಲಿ ಇರಬೇಕಾದದ್ದು ಒಂದು ತೊಂದರೆ. ದಾವಣಗೆರೆಯ ಸೀರೆ ಅಂಗಡಿಗೆ ಮದುವೆ ಸೀಸನ್ ಬಿಟ್ಟು ಉಳಿದ ತಿಂಗಳು ವ್ಯಾಪಾರವಿಲ್ಲ. ಆಸ್ಪತ್ರೆಯೊಂದಕ್ಕೆ ಮಧುಮೇಹಿಗಳು ಕಾಲಿನ ಗಾಯ ಉಲ್ಬಣಿಸಿದ ಮೇಲೆಯೇ ಬರುತ್ತಾರೆ. ಬ್ಯಾಂಕೊಂದರ ಹಳ್ಳಿಯ ಖಾತೆದಾರರು ಆ್ಯಪ್ ಮುಟ್ಟಲು ಹೆದರುತ್ತಾರೆ. ಇಂಥ ತೊಂದರೆಗೆ ವಿನ್ಯಾಸದಿಂದ ಉತ್ತರ ಹುಡುಕಬಹುದು. ಈಗಿನ ಬ್ರೀಫ್‌ನಲ್ಲಿ ಅದರ ಜಾಗಕ್ಕೆ ‘ಹಬ್ಬಕ್ಕೆ ಏನಾದರೂ ಇಂಟರ್‌ಆ್ಯಕ್ಟಿವ್ ಬೇಕು, ವೈರಲ್ ಆಗಬೇಕು’ ಎಂಬ ಬಯಕೆ ಬಂದು ಕುಳಿತಿರುತ್ತದೆ. ಯಾರಿಗಾಗಿ, ಅವರಿಂದ ಏನು ಆಗಬೇಕು, ಅವರಿಗೆ ಏನು ಸಿಗಬೇಕು ಎಂಬ ಮೂರು ಪ್ರಶ್ನೆಗೆ ಉತ್ತರವಿಲ್ಲದ ಹಾಳೆಯನ್ನು ಏಜೆನ್ಸಿ ಏಕೆ ವಾಪಸ್ ಕಳಿಸುವುದಿಲ್ಲ? ತೊಂದರೆ ಬಗೆಹರಿಸುವುದು ಕಷ್ಟ, ಸಂಖ್ಯೆ ತೋರಿಸುವುದು ಸುಲಭ. ಬಿಲ್ ಪಾಸಾಗುವುದು ಸಂಖ್ಯೆ ನೋಡಿ. ಎರಡೂ ಕಡೆಯವರು ಗೊತ್ತಿದ್ದೇ ಮಾಡಿಕೊಂಡ ಹೊಂದಾಣಿಕೆ ಇದು.

ಬ್ರೀಫ್ ಟೊಳ್ಳಾದರೆ ಅದರಿಂದ ಹುಟ್ಟುವ ಕಲ್ಪನೆಯೂ ಟೊಳ್ಳು. ಅದೃಷ್ಟಚಕ್ರವನ್ನೇ ಹತ್ತಿರದಿಂದ ನೋಡಬಹುದು. ಪುಟ ತೆರೆದ ತಕ್ಷಣ ಬಣ್ಣದ ಚಕ್ರ ಕಾಣಿಸುತ್ತದೆ, ‘ತಿರುಗಿಸಿ’ ಎಂಬ ಗುಂಡಿ ಮಿಣುಕುತ್ತದೆ. ಬೆರಳಿಟ್ಟ ಕ್ಷಣವೇ ಫಲಿತಾಂಶ ಸರ್ವರ್‌ನಲ್ಲಿ ನಿರ್ಧಾರವಾಗಿರುತ್ತದೆ. ಚಕ್ರ ಎಷ್ಟು ಸುತ್ತು ಸುತ್ತಿ ಯಾವ ಕೋನದಲ್ಲಿ ನಿಲ್ಲಬೇಕೆಂದು ಕೋಡ್‌ನಲ್ಲಿ ಮೊದಲೇ ಬರೆದಿರುತ್ತದೆ. ಮುಳ್ಳು ದೊಡ್ಡ ಬಹುಮಾನದ ಮನೆಯ ಅಂಚಿಗೆ ಬಂದು, ಕೂದಲೆಳೆಯಷ್ಟು ದಾಟಿ, ಶೇಕಡಾ ಹತ್ತರ ರಿಯಾಯಿತಿಯ ಮನೆಯಲ್ಲಿ ನಿಲ್ಲುತ್ತದೆ. ಆ ರಿಯಾಯಿತಿ ಪಡೆಯಲು ಹೆಸರು ಬೇಕು, ಮೊಬೈಲ್ ನಂಬರ್ ಬೇಕು, ಒಟಿಪಿ ಬೇಕು. ಅದರ ಕೆಳಗೆ ಮೊದಲೇ ಟಿಕ್ ಹಾಕಿಟ್ಟ ಒಪ್ಪಿಗೆಯ ಚೌಕ. ಇಲ್ಲಿ ಆಡಿದವರ ಆಯ್ಕೆ ಯಾವುದು? ಒಂದೂ ಇಲ್ಲ. ಹಾಗಿದ್ದರೂ ವರದಿಯಲ್ಲಿ ಒಂದು ತಿರುಗಿಸುವಿಕೆ ಒಂದು ಎಂಗೇಜ್‌ಮೆಂಟ್ ಆಗುತ್ತದೆ, ಒಂದು ನಂಬರ್ ಒಂದು ಲೀಡ್, ಅಂದರೆ ಮುಂದೆ ಕೊಳ್ಳಬಹುದಾದ ಗ್ರಾಹಕ, ಆಗುತ್ತದೆ. ಮರುದಿನದಿಂದ ಬರುವ ಕರೆಗಳನ್ನು ಬೇಸತ್ತು ಕತ್ತರಿಸುವವರ ಮನಸ್ಸಿನಲ್ಲಿ ಆ ಕಂಪನಿಯ ಹೆಸರಿಗೆ ಏನಾಯಿತು ಎಂಬುದಕ್ಕೆ ವರದಿಯಲ್ಲಿ ಜಾಗವಿಲ್ಲ.

ಇಂಥ ತಂತ್ರಗಳು ಈಗ ಬರೀ ಅಭಿರುಚಿಯ ಪ್ರಶ್ನೆಯೂ ಅಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್‌ಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿಮಾಡಿತು. ಇಲ್ಲದ ತುರ್ತನ್ನು ಹುಟ್ಟಿಸುವುದು, ಬೇಡ ಎನ್ನುವವರನ್ನು ನಾಚಿಸುವುದು, ಒಂದು ಬೇಕೆಂದರೆ ಬೇಡದ ಇನ್ನೊಂದನ್ನು ಬಲವಂತ ಮಾಡುವುದು, ಜಾಹೀರಾತನ್ನು ಬೇರೆ ವೇಷದಲ್ಲಿ ತೋರಿಸುವುದು ಆ ಪಟ್ಟಿಯಲ್ಲಿವೆ. ಪಟ್ಟಿಯ ಹಲವನ್ನು ಒಂದೇ ಹಬ್ಬದ ಕ್ಯಾಂಪೇನ್ ಪುಟದಲ್ಲಿ ಎಣಿಸಬಹುದು. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಜಾಡು ಹಿಡಿಯುವುದನ್ನೂ ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನೂ ನಿಷೇಧಿಸಿದೆ. ಚಾಕೊಲೇಟ್, ಚಿಪ್ಸ್, ಪೆನ್ಸಿಲ್ ಬಾಕ್ಸ್ ಮಾರಲು ಕಟ್ಟುವ ಆಟಗಳನ್ನು ಆಡುವವರು ಯಾರೆಂದು ಕಟ್ಟುವವರಿಗೆ ಗೊತ್ತಿಲ್ಲವೇ? ಅಮ್ಮನ ಫೋನಿನಲ್ಲಿ ಆಡುವ ಒಂಬತ್ತು ವರ್ಷದ ಮಗುವೂ ಆ ಲೆಕ್ಕದಲ್ಲಿ ಒಬ್ಬ ‘ಯೂಸರ್’.

ಕಟ್ಟುವ ಹಂತದಲ್ಲಿ ನಡೆಯುವ ಅನ್ಯಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ಡಿಸೈನರ್‌ನ ಮೇಜಿನ ಮೇಲೆ ದುಬಾರಿ ಲ್ಯಾಪ್‌ಟಾಪ್, ಕಚೇರಿಯಲ್ಲಿ ವೇಗದ ವೈಫೈ. ಕ್ಲೈಂಟ್‌ಗೆ ತೋರಿಸುವುದು ಹೊಸ ಐಫೋನ್‌ನಲ್ಲಿ. ಅಲ್ಲಿ ಬೆಣ್ಣೆಯಂತೆ ಜಾರುವ ಅನಿಮೇಷನ್ ಗಂಗಾವತಿಯ ಬಸ್ ನಿಲ್ದಾಣದಲ್ಲಿ, ಮೆಮೊರಿ ತುಂಬಿದ ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ, ಬಿಳಿ ಪರದೆಯಾಗಿ ನಿಂತುಬಿಡುತ್ತದೆ. ಜಾಹೀರಾತುಗಳ ಈ ಭಾರ ಮಿತಿಮೀರಿ 2020ರಲ್ಲಿ ಗೂಗಲ್ ತನ್ನ ಕ್ರೋಮ್ ಬ್ರೌಸರ್‌ಗೇ ಕಡಿವಾಣ ಸೇರಿಸಬೇಕಾಯಿತು. ಬಳಕೆದಾರರು ಇನ್ನೂ ಮುಟ್ಟಿರದ ಜಾಹೀರಾತು 4 ಎಂಬಿಗಿಂತ ಹೆಚ್ಚು ಡೇಟಾ ಎಳೆದರೆ, ಯಾವುದೇ 30 ಸೆಕೆಂಡ್‌ನಲ್ಲಿ 15 ಸೆಕೆಂಡ್ ಪ್ರೊಸೆಸರ್ ಹಿಡಿದಿಟ್ಟರೆ, ಇಲ್ಲವೇ ಒಟ್ಟು 60 ಸೆಕೆಂಡ್ ದಾಟಿದರೆ ಕ್ರೋಮ್ ಅದನ್ನು ತೆಗೆದುಹಾಕುತ್ತದೆ. ಮುಟ್ಟಿದ ಮೇಲೆ ಈ ರಕ್ಷಣೆ ಇಲ್ಲ. ಕ್ಲಿಕ್ ಮಾಡಿ ಹೋಗುವ ಲ್ಯಾಂಡಿಂಗ್ ಪುಟಕ್ಕೂ ಇಲ್ಲ. ಬೇರೆಯವರ ಡೇಟಾ ಪ್ಯಾಕ್ ಮತ್ತು ಬ್ಯಾಟರಿಯನ್ನು ಕೇಳದೆ ಖರ್ಚು ಮಾಡಬಾರದೆಂಬ ಸಾಮಾನ್ಯ ಮರ್ಯಾದೆಯನ್ನು ಒಂದು ಬ್ರೌಸರ್ ಕಲಿಸಬೇಕಾಗಿ ಬಂದದ್ದು ಈ ಉದ್ಯಮಕ್ಕೆ ಅವಮಾನ.

ಕನ್ನಡದ ಪಾಡು ಇದಕ್ಕಿಂತ ಕಡೆ. ಕರ್ನಾಟಕದ ಜನರಿಗಾಗಿ ಮಾಡುವ ಕ್ಯಾಂಪೇನ್ ಕೂಡ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಪೂರ್ತಿ ಮುಗಿದು, ಕ್ಲೈಂಟ್ ಒಪ್ಪಿ, ಕೋಡ್ ಬರೆದು ಆದ ಮೇಲೆ ಕೊನೆಯ ದಿನ ‘ಕನ್ನಡ ಅಡಾಪ್ಟ್’ ಆಗುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಅಳೆದು ಇಟ್ಟ ಗುಂಡಿಯಲ್ಲಿ ‘ಸ್ಪರ್ಧೆ’, ‘ರಾಷ್ಟ್ರೀಯ’ ಮುಂತಾದ ಪದಗಳ ಒತ್ತಕ್ಷರ ಬುಡದಲ್ಲಿ ಕತ್ತರಿಸಿಹೋಗುತ್ತದೆ. ಎರಡು ಸಾಲು ಬಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಅನಿಮೇಷನ್ ಸಾಫ್ಟ್‌ವೇರ್‌ಗಳ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡ ಒಡೆದು ಕಾಣುತ್ತಿತ್ತು. ಅದಕ್ಕಾಗಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ಚಿತ್ರವಾಗಿ ಅಂಟಿಸುವ ರೂಢಿ ಬಂತು, ಇಂದಿಗೂ ಪೂರ್ತಿ ಹೋಗಿಲ್ಲ. ಚಿತ್ರವಾದ ಅಕ್ಷರವನ್ನು ಅಂಧರ ಫೋನಿನ ಸ್ಕ್ರೀನ್ ರೀಡರ್ ಓದಲಾರದು, ಹುಡುಕಾಟದಲ್ಲಿ ಅದು ಸಿಗದು, ಕಣ್ಣು ಮಂಜಾದವರು ಹಿಗ್ಗಿಸಿದರೆ ಮಸುಕಾಗುತ್ತದೆ. ಎಸ್‌ಎಂಎಸ್‌ನ ಮಿತಿ ಇಂಗ್ಲಿಷ್‌ನಲ್ಲಿ 160 ಅಕ್ಷರ, ಕನ್ನಡದಲ್ಲಿ 70. ಇದನ್ನು ಮೊದಲೇ ಯೋಚಿಸದ ಕಾಪಿರೈಟರ್ ಕೈಯಲ್ಲಿ ಸಂದೇಶ ಎರಡು ಮೂರು ತುಂಡಾಗಿ ವೆಚ್ಚವೂ ಅಷ್ಟು ಪಟ್ಟು ಏರುತ್ತದೆ. ಈ ಯಾವ ತೊಡಕೂ ಬಿಡಿಸಲಾರದ್ದಲ್ಲ. ಸಾಲಿನ ಎತ್ತರ ಹೆಚ್ಚಿಸಿ, ಯೂನಿಕೋಡ್ ಫಾಂಟನ್ನು ಬೇಕಾದ ಅಕ್ಷರಗಳಿಗಷ್ಟೇ ಇಳಿಸಿಕೊಂಡು, ಮೊದಲ ದಿನದಿಂದ ಕನ್ನಡದಲ್ಲೇ ಬರೆದು ನೋಡಿದರೆ ಬಗೆಹರಿಯುತ್ತವೆ. ಬಗೆಹರಿಸದಿರಲು ಕೊಡುವ ನೆಪವೂ ಎಂಗೇಜ್‌ಮೆಂಟೇ: ‘ಕನ್ನಡ ಆವೃತ್ತಿಗೆ ಕ್ಲಿಕ್ ಕಡಿಮೆ.’ ಓದಲಾಗದ ಗುಂಡಿಯನ್ನು ಯಾರು ಒತ್ತಿಯಾರು? ತಾವೇ ಕೆಡಿಸಿದ ಆವೃತ್ತಿಯ ಸೋಲನ್ನು ಭಾಷೆಯ ತಲೆಗೆ ಕಟ್ಟುವುದನ್ನು ಕನ್ನಡಿಗರು ಸಹಿಸಬೇಕಿಲ್ಲ.

ಜನರಿಂದ ಚಿತ್ರ, ಮಾತು ತರಿಸಿಕೊಳ್ಳುವ ಕ್ಯಾಂಪೇನ್‌ಗಳಲ್ಲಿ ಸಂಖ್ಯೆಯ ಆಸೆ ಇನ್ನೊಂದು ಬಗೆಯಲ್ಲಿ ಹೊಡೆತ ಕೊಡುತ್ತದೆ. 2017ರಲ್ಲಿ ಬ್ರಿಟನ್ನಿನ ವಾಕರ್ಸ್ ಚಿಪ್ಸ್ ಕಂಪನಿ, ಸೆಲ್ಫಿ ಕಳಿಸಿದರೆ ಫುಟ್‌ಬಾಲ್ ತಾರೆ ಗ್ಯಾರಿ ಲಿನೆಕರ್ ಅದನ್ನು ಕೈಯಲ್ಲಿ ಹಿಡಿದಂತೆ ವಿಡಿಯೊ ತಾನಾಗಿ ತಯಾರಾಗುವ ಏರ್ಪಾಡು ಮಾಡಿತು. ಜನ ಕುಖ್ಯಾತ ಕೊಲೆಗಡುಕರ ಚಿತ್ರಗಳನ್ನು ಕಳಿಸಿದರು. ಲಿನೆಕರ್ ನಗುತ್ತಾ ಅವನ್ನು ಹಿಡಿದ ವಿಡಿಯೊಗಳು ಕಂಪನಿಯ ಹೆಸರಿನಲ್ಲೇ ಹೊರಬಂದವು. ಕಂಪನಿ ಕ್ಷಮೆ ಕೇಳಿ ಅದನ್ನು ನಿಲ್ಲಿಸಿತು. ಬಂದ ಚಿತ್ರಗಳನ್ನು ಒಬ್ಬರು ಕಣ್ಣಿಟ್ಟು ನೋಡಿ ಬಿಡುವ ವ್ಯವಸ್ಥೆ ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ಹಾಗೆ ನೋಡಲು ಸಮಯ ಹಿಡಿಯುತ್ತದೆ, ಸಂಖ್ಯೆ ನಿಧಾನವಾಗಿ ಏರುತ್ತದೆ.

ಈಗ ಲೆಕ್ಕದ ಹೊತ್ತು. ಜಾಹೀರಾತೊಂದನ್ನು ‘ನೋಡಲಾಗಿದೆ’ ಎನ್ನಲು ಉದ್ಯಮ ಒಪ್ಪಿಕೊಂಡ ಮಾನದಂಡ ಏನು? ಬ್ಯಾನರ್‌ನ ಅರ್ಧ ಭಾಗ ಒಂದು ಸೆಕೆಂಡ್ ಪರದೆಯಲ್ಲಿದ್ದರೆ ಸಾಕು. ವಿಡಿಯೊ ಆದರೆ ಎರಡು ಸೆಕೆಂಡ್. ಬಸ್ ಹಿಡಿಯುವ ಅವಸರದಲ್ಲಿ ಬೆರಳು ಪರದೆಯನ್ನು ಮೇಲೆ ಸರಿಸುವಾಗ ಕಣ್ಣ ಮುಂದೆ ಹಾದದ್ದೂ ‘ನೋಡಿದ್ದು’. ಮುಚ್ಚುವ ಗುರುತು ಅಕ್ಕಿಕಾಳಿನಷ್ಟು ಚಿಕ್ಕದಿರುವುದರಿಂದ ತಪ್ಪಿ ಒತ್ತಿದ್ದೂ ಕ್ಲಿಕ್. 2016ರಲ್ಲಿ ಫೇಸ್‌ಬುಕ್, ವಿಡಿಯೊ ನೋಡಿದ ಸರಾಸರಿ ಅವಧಿಯನ್ನು ಎರಡು ವರ್ಷ ತಪ್ಪಾಗಿ ಹೆಚ್ಚಿಸಿ ತೋರಿಸಿದ್ದಾಗಿ ಒಪ್ಪಿಕೊಂಡಿತು. ಮೂರು ಸೆಕೆಂಡ್‌ಗಿಂತ ಕಡಿಮೆ ನೋಡಿದವರನ್ನು ಲೆಕ್ಕದಿಂದ ಬಿಟ್ಟು ಸರಾಸರಿ ತೆಗೆದಿದ್ದರು. ಜಾಹೀರಾತುದಾರರು ಹೂಡಿದ ದಾವೆ 2019ರಲ್ಲಿ 4 ಕೋಟಿ ಡಾಲರ್‌ಗೆ ರಾಜಿಯಾಯಿತು. ಅಮೆರಿಕದ ರಾಷ್ಟ್ರೀಯ ಜಾಹೀರಾತುದಾರರ ಸಂಘ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಂತ್ರಗಳ ಮೂಲಕ ಖರೀದಿಸುವ ಜಾಹೀರಾತಿನಲ್ಲಿ ಹಾಕಿದ ಪ್ರತಿ ಡಾಲರ್‌ನ 36 ಸೆಂಟ್ ಮಾತ್ರ ಜನರ ತನಕ ತಲುಪುವ ಜಾಹೀರಾತಿಗೆ ಸಲ್ಲುತ್ತಿತ್ತು. ಶೇ 21ರಷ್ಟು ಪ್ರದರ್ಶನಗಳು ಜಾಹೀರಾತು ತುಂಬಲೆಂದೇ ಹುಟ್ಟಿಸಿದ ಕಸದ ಜಾಲತಾಣಗಳಿಗೆ ಹೋಗುತ್ತಿದ್ದವು.

ಅಳತೆಯ ಮೂಲವೇ ಹೀಗಿರುವಾಗ, ಎಂಗೇಜ್‌ಮೆಂಟ್ ಹೆಚ್ಚಾದರೆ ಮಾರಾಟ ಹೆಚ್ಚಾಗುತ್ತದೆ ಎಂಬ ಮಾತಿಗೆ ಆಧಾರ ಯಾವುದು? ಪರೀಕ್ಷಿಸಿ ನೋಡಿದವರಿಗೆ ಸಿಕ್ಕ ಉತ್ತರ ಬೇರೆಯೇ ಇದೆ. ಇಬೇ ಕಂಪನಿಯಲ್ಲಿ ಥಾಮಸ್ ಬ್ಲೇಕ್, ಕ್ರಿಸ್ ನಾಸ್ಕೊ, ಸ್ಟೀವನ್ ಟಡೆಲಿಸ್ ಎಂಬ ಅರ್ಥಶಾಸ್ತ್ರಜ್ಞರು ಕಂಪನಿಯ ಹೆಸರು ಹುಡುಕುವವರಿಗೆ ತೋರಿಸುತ್ತಿದ್ದ ಸರ್ಚ್ ಜಾಹೀರಾತನ್ನು ನಿಲ್ಲಿಸಿ ನೋಡಿದರು. ಕ್ಲಿಕ್ ಮಾಡುತ್ತಿದ್ದವರಲ್ಲಿ ಬಹುತೇಕ ಎಲ್ಲರೂ ಜಾಹೀರಾತಿಲ್ಲದ ಸಾಮಾನ್ಯ ಕೊಂಡಿಯಿಂದಲೇ ಬಂದರು. ಹೇಗೂ ಬರುವವರಿಗಾಗಿ ಕಂಪನಿ ದುಡ್ಡು ಕೊಡುತ್ತಿತ್ತು. 2015ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಪ್ರತಿ ಕ್ಲೈಂಟ್ ಓದಬೇಕು. ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ 2017ರಲ್ಲಿ ಸುಮಾರು 20 ಕೋಟಿ ಡಾಲರ್‌ನಷ್ಟು ಡಿಜಿಟಲ್ ಜಾಹೀರಾತು ಕಡಿತ ಮಾಡಿತು, ವ್ಯಾಪಾರ ಕುಸಿಯಲಿಲ್ಲ. ಜಾತ್ರೆಯಲ್ಲಿ ಬಳೆ ಅಂಗಡಿಯ ಮುಂದೆ ನಿಂತು ನೋಡಿದವರ ತಲೆ ಎಣಿಸಿ ಅದನ್ನೇ ವ್ಯಾಪಾರವೆಂದು ಖಾತೆಗೆ ಬರೆಯುವ ಬಳೆಗಾರ ಎಲ್ಲೂ ಇಲ್ಲ. ಕೋಟಿಗಳ ಲೆಕ್ಕದಲ್ಲಿ ಅದೇ ಕೆಲಸ ಮಾಡುವವರನ್ನು ತಜ್ಞರೆಂದು ಏಕೆ ಒಪ್ಪಬೇಕು?

‘ಬ್ರ್ಯಾಂಡಿನ ಬಗ್ಗೆ ಒಲವು ನಿಧಾನವಾಗಿ ಬೆಳೆಯುವಂಥದ್ದು, ಅದನ್ನು ನೇರ ಅಳೆಯಲಾಗದು, ಎಂಗೇಜ್‌ಮೆಂಟ್ ಅದರ ಸುಳಿವು’ ಎಂಬುದು ಈ ಅಳತೆಯನ್ನು ನಂಬುವವರ ಕೊನೆಯ ಆಸರೆ. ಮೊದಲರ್ಧ ನಿಜ. ಒಲವು ನಿಧಾನವಾಗಿಯೇ ಬೆಳೆಯುತ್ತದೆ. ಆದರೆ ಸಿಟ್ಟಿನಿಂದ ಬರೆದ ಕಾಮೆಂಟೂ, ಬಹುಮಾನದ ಆಸೆಗೆ ಹತ್ತು ಗೆಳೆಯರಿಗೆ ಫಾರ್ವರ್ಡ್ ಮಾಡಿದ್ದೂ, ತಪ್ಪಿ ಬಿದ್ದ ಬೆರಳೂ ಒಂದೇ ಮೊತ್ತದಲ್ಲಿ ಸೇರಿರುವಾಗ ಅದು ಒಲವಿನ ಸುಳಿವು ಹೇಗಾದೀತು? ಬರ್ಗರ್ ಕಿಂಗ್ 2009ರಲ್ಲಿ ಫೇಸ್‌ಬುಕ್‌ನ ಹತ್ತು ಗೆಳೆಯರನ್ನು ಕಿತ್ತುಹಾಕಿದವರಿಗೆ ಒಂದು ಬರ್ಗರ್ ಉಚಿತ ಎಂದಿತು. 2 ಲಕ್ಷದ 33 ಸಾವಿರಕ್ಕೂ ಹೆಚ್ಚು ಗೆಳೆತನಗಳು ಮುರಿದ ಮೇಲೆ ಫೇಸ್‌ಬುಕ್ ಅದನ್ನು ತಡೆಯಿತು. ತರಗತಿಗಳಲ್ಲಿ ಇಂದಿಗೂ ಹೊಗಳಿ ಹೇಳುವುದು ಆ ಸಂಖ್ಯೆಯನ್ನೇ. ಜನರನ್ನು ಒಬ್ಬರಿಂದೊಬ್ಬರು ದೂರ ಮಾಡಿಸಿದ್ದನ್ನು ಗೆಲುವೆಂದು ಕಲಿಸುವ ಶಿಕ್ಷಣದಿಂದ ಎಂಥ ವಿನ್ಯಾಸಕಾರರು ಹೊರಬಂದಾರು?

ಮಾಡಲು ಬೇರೆ ದಾರಿಯೇ ಇಲ್ಲವೆಂದೇನಲ್ಲ. ದಾರಿ ತೋರಿಸಿದ ಕೆಲಸಗಳು ಈ ದೇಶದಲ್ಲೇ, ಬೆಂಗಳೂರಿನಲ್ಲೂ ಆಗಿವೆ. 2010ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜಿಪ್‌ಡಯಲ್ ಮಿಸ್ಡ್ ಕಾಲ್ ಎಂಬ ಭಾರತೀಯ ಅಭ್ಯಾಸವನ್ನೇ ಜಾಹೀರಾತಿನ ಸಾಧನ ಮಾಡಿಕೊಂಡಿತು. ಕರೆ ಮಾಡಿ ಕತ್ತರಿಸಿದರೆ ಬೇಕಾದ ಮಾಹಿತಿ ತಾನೇ ಬರುತ್ತಿತ್ತು. ಸ್ಮಾರ್ಟ್‌ಫೋನ್ ಬೇಡ, ಇಂಟರ್‌ನೆಟ್ ಬೇಡ, ಒಂದು ಪೈಸೆ ಖರ್ಚಿಲ್ಲ. 2015ರಲ್ಲಿ ಟ್ವಿಟರ್ ಅದನ್ನು ಕೊಂಡಿತು. ಹಿಂದುಸ್ತಾನ್ ಯೂನಿಲಿವರ್‌ನ ‘ಕಾನ್ ಖಜೂರಾ ಟೇಸನ್’ ಬಿಹಾರ, ಜಾರ್ಖಂಡ್‌ಗಳ ಕರೆಂಟಿಲ್ಲದ, ಟಿ.ವಿ. ತಲುಪದ ಹಳ್ಳಿಗಳವರು ಮಿಸ್ಡ್ ಕಾಲ್ ಕೊಟ್ಟರೆ 15 ನಿಮಿಷದ ಹಾಡು, ನಗೆಮಾತು ಕೇಳಿಸುತ್ತಿತ್ತು. ಜಾಹೀರಾತು ನಡುವೆ ಬರುತ್ತಿತ್ತು. 2021ರ ದೀಪಾವಳಿಗೆ ಕ್ಯಾಡ್‌ಬರಿ, ಸಣ್ಣ ಅಂಗಡಿಯವರು ತಮ್ಮ ಅಂಗಡಿಯ ಹೆಸರು ಹಾಕಿದರೆ ಶಾರುಖ್ ಖಾನ್ ಬಾಯಲ್ಲಿ ಆ ಹೆಸರು ಹೇಳಿಸಿ ವಿಡಿಯೊ ಮಾಡಿಕೊಟ್ಟಿತು. ಕೋವಿಡ್‌ನಿಂದ ಸೊರಗಿದ ಅಂಗಡಿಗೆ ಅದು ಕೈಗೆ ಸಿಕ್ಕ ಜಾಹೀರಾತು. ಬೆಂಗಳೂರಿನ ಡೆಂಟ್ಸು ತಂಡ ವೈಸ್ ಸುದ್ದಿಸಂಸ್ಥೆಗಾಗಿ ಮಾಡಿದ ಕೆಲಸ ಇನ್ನೂ ಗಟ್ಟಿಯಾದದ್ದು: ಬ್ರಿಟಿಷ್ ಮ್ಯೂಸಿಯಂನಲ್ಲಿ ಬೆನಿನ್ ಕಂಚಿನ ಶಿಲ್ಪದಂಥ ವಿವಾದಿತ ವಸ್ತುಗಳ ಮುಂದೆ ಫೋನ್ ಹಿಡಿದರೆ, ಅವು ಆ ಕಟ್ಟಡಕ್ಕೆ ಹೇಗೆ ಬಂದವೆಂಬ ಕಥೆ ಅವುಗಳ ನಾಡಿನವರ ದನಿಯಲ್ಲೇ ಕೇಳಿಸುತ್ತಿತ್ತು. 2022ರಲ್ಲಿ ಕಾನ್ ಜಾಹೀರಾತು ಉತ್ಸವದ ದೊಡ್ಡ ಪ್ರಶಸ್ತಿಗಳು ಅದಕ್ಕೆ ಬಂದವು. ಈ ನಾಲ್ಕರಲ್ಲೂ ಬೆರಳಾಡಿಸಿದವರ ಕೈಗೆ ಏನೋ ಒಂದು ದಕ್ಕಿತು. ಅದೃಷ್ಟಚಕ್ರ ತಿರುಗಿಸಿದವರಿಗೆ ದಕ್ಕುವುದು ಕರೆಗಳ ಕಾಟ.

ಕ್ಯಾಂಪೇನ್ ಮುಗಿದ ಮೇಲಿನ ಹೊಣೆಯನ್ನಂತೂ ಯಾರೂ ಹೊರುತ್ತಿಲ್ಲ. ಹೈಂಜ್ ಕೆಚಪ್ ಕಂಪನಿ ಜರ್ಮನಿಯಲ್ಲಿ ಗ್ರಾಹಕರೇ ಬಾಟಲಿಯ ಲೇಬಲ್ ವಿನ್ಯಾಸ ಮಾಡುವ ಕ್ಯಾಂಪೇನ್ ನಡೆಸಿ, ಬಾಟಲಿಗಳ ಮೇಲೆ ಕ್ಯೂಆರ್ ಕೋಡ್ ಮುದ್ರಿಸಿತ್ತು. ಆಮೇಲೆ ಆ ಡೊಮೇನ್ ಹೆಸರನ್ನು ನವೀಕರಿಸಲಿಲ್ಲ. 2015ರಲ್ಲಿ ಊಟದ ಮೇಜಿನ ಮೇಲಿದ್ದ ಬಾಟಲಿಯ ಕೋಡ್ ಸ್ಕ್ಯಾನ್ ಮಾಡಿದ ಗ್ರಾಹಕರಿಗೆ ತೆರೆದದ್ದು ಅಶ್ಲೀಲ ಜಾಲತಾಣ. ಕಂಪನಿ ಕ್ಷಮೆ ಕೇಳಿತು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿ ಫ್ಲ್ಯಾಷ್ ತಂತ್ರಾಂಶ ನಿಲ್ಲಿಸಿದಾಗ, ಅದರಲ್ಲಿ ಕಟ್ಟಿದ್ದ ಒಂದೂವರೆ ದಶಕದ ಇಂಟರ್‌ಆ್ಯಕ್ಟಿವ್ ಕೆಲಸದ ಬಹುಪಾಲು ನೋಡಲೂ ಸಿಗದಂತಾಯಿತು. ಹಳೆಯ ಕ್ಯಾಂಪೇನ್‌ಗಳಿಗಾಗಿ ಸಂಗ್ರಹಿಸಿದ ಹೆಸರು, ನಂಬರ್‌ಗಳ ಎಕ್ಸೆಲ್ ಹಾಳೆಗಳು ಯಾವ ಯಾವ ಲ್ಯಾಪ್‌ಟಾಪ್‌ಗಳಲ್ಲಿ ಉಳಿದಿವೆಯೋ ಕೇಳುವವರಿಲ್ಲ.

ಬದಲಾವಣೆ ಶುರುವಾಗಬೇಕಾದದ್ದು ಹಣ ಕೊಡುವವರಿಂದ. ಕ್ಲೈಂಟ್‌ಗಳು ಬ್ರೀಫ್‌ನಿಂದಲೂ ವರದಿಯಿಂದಲೂ ಎಂಗೇಜ್‌ಮೆಂಟ್ ಎಂಬ ಕಾಲಂ ಅಳಿಸಬೇಕು. ಆ ಜಾಗದಲ್ಲಿ ಆಗಬೇಕಾದ ಒಂದೇ ಒಂದು ಬದಲಾವಣೆಯನ್ನು ಬರೆಯಬೇಕು: ಅಂಗಡಿಗೆ ಬಂದವರು, ತಪಾಸಣೆ ಮಾಡಿಸಿಕೊಂಡವರು, ಎರಡನೇ ಸಲ ಕೊಂಡವರು. ಕ್ಯಾಂಪೇನನ್ನು ಮೈಸೂರು, ಹಾಸನದಲ್ಲಿ ನಡೆಸಿ ಮಂಡ್ಯ, ತುಮಕೂರಿನಲ್ಲಿ ಬಿಟ್ಟು ವ್ಯತ್ಯಾಸ ನೋಡಲು ಯಾವ ದುಬಾರಿ ಸಾಫ್ಟ್‌ವೇರೂ ಬೇಡ. ದಾವಣಗೆರೆಯ ಸೀರೆ ಅಂಗಡಿಯೂ ತನ್ನ ಬಿಲ್ ಪುಸ್ತಕ ಇಟ್ಟುಕೊಂಡು ಅದನ್ನು ಮಾಡಬಲ್ಲದು. ವ್ಯತ್ಯಾಸ ಕಾಣದಿದ್ದರೆ ಮುಂದಿನ ಸಲ ಆ ಹಣ ಹಾಕಬಾರದು. ಏಜೆನ್ಸಿಗಳು ಬಹುಮಾನಕ್ಕೆ ಮೊದಲು ಫೋನ್ ನಂಬರ್ ಕೇಳುವ ಪುಟವನ್ನು ಕಟ್ಟುವುದಿಲ್ಲ ಎಂದು ಹೇಳುವ ಧೈರ್ಯ ತೋರಬೇಕು, ಹಳೆಯ ಅಗ್ಗದ ಫೋನಿನಲ್ಲಿ ಓಡದ ಕೆಲಸವನ್ನು ಕ್ಲೈಂಟ್‌ಗೆ ತೋರಿಸಲೇಬಾರದು. ಕನ್ನಡಿಗರಿಗೆ ಮಾಡುವ ಕ್ಯಾಂಪೇನ್‌ನ ಮೊದಲ ಸ್ಕೆಚ್ ಕನ್ನಡ ಅಕ್ಷರಗಳಲ್ಲೇ ಇರಬೇಕು.

ಸರ್ಕಾರದ ಹೊಣೆ ಎಲ್ಲರಿಗಿಂತ ಹೆಚ್ಚು, ಏಕೆಂದರೆ ಅದು ಹಾಕುವುದು ಜನರ ದುಡ್ಡು. ಸರ್ಕಾರಿ ಪ್ರಚಾರಗಳಲ್ಲೂ ಈಗ ಕ್ವಿಜ್, ಪ್ರಮಾಣಪತ್ರ, ಹ್ಯಾಶ್‌ಟ್ಯಾಗ್‌ಗಳ ಸಂಖ್ಯೆಯೇ ಸಾಧನೆಯಾಗಿ ವರದಿಯಾಗುತ್ತದೆ. ಲಸಿಕೆಯ ಪ್ರಚಾರವಾದರೆ ಲಸಿಕೆ ಹಾಕಿಸಿಕೊಂಡ ಮಕ್ಕಳನ್ನು ಎಣಿಸಬೇಕು, ಪಿಂಚಣಿಯ ಪ್ರಚಾರವಾದರೆ ಅರ್ಜಿ ಹಾಕಿ ಪಿಂಚಣಿ ಪಡೆದ ಅಜ್ಜಿಯರನ್ನು ಎಣಿಸಬೇಕು. ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಡಿಜಿಟಲ್ ಕೆಲಸಕ್ಕೆ ಕರೆಯುವ ಮುಂದಿನ ಟೆಂಡರ್‌ನಲ್ಲೇ ನಾಲ್ಕು ಷರತ್ತು ಸೇರಿಸಬಹುದು: ಪುಟ ಯೂನಿಕೋಡ್ ಕನ್ನಡದಲ್ಲಿ ಸ್ಕ್ರೀನ್ ರೀಡರ್‌ಗೆ ಓದಲು ಸಿಗುವಂತಿರಬೇಕು, ಅದು ಎಳೆಯುವ ಡೇಟಾಕ್ಕೆ ಮಿತಿ ಇರಬೇಕು, ಪಡೆದ ಮಾಹಿತಿಯನ್ನು ಯಾವ ತಾರೀಖಿಗೆ ಅಳಿಸುತ್ತಾರೆಂದು ಬರೆದಿರಬೇಕು, ಬಿಲ್ಲಿನ ಕೊನೆಯ ಕಂತು ಅಳಿಸಿದ ದಾಖಲೆ ಕೊಟ್ಟ ಮೇಲೆಯೇ ಸಿಗಬೇಕು.